ಊರು ಬದಲಿಸಿದ ಹಳೆ ಕಾರಿಗೆ ಎರಡೆರಡು ಸಲ ತೆರಿಗೆ ಏಕೆ?

ಮಾನ್ಯ ಸಂಪಾದಕರೇ,

ಮೂವತ್ತೊಂದು ವರ್ಷ ಮಹಾರಾಷ್ಟ್ರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು, ನಿವೃತ್ತಿಯಾದ ಮೇಲೆ ತಾಯಿಯನ್ನು ನೋಡಿಕೊಳ್ಳಲು ಊರಿಗೆ ಮರಳಿದವನು ನಾನು. ಜೊತೆಗೆ ಬಂದದ್ದು 2013ರಲ್ಲಿ ಕೊಂಡ ಆಲ್ಟೊ. ತಾಯಿಗೆ ಈಗ ಎಂಬತ್ತೆಂಟು. ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ತಿಂಗಳಿಗೆ ಎರಡು ಸಲ ಹುಬ್ಬಳ್ಳಿಯ ಆಸ್ಪತ್ರೆಗೆ ಅವರನ್ನು ಕರೆದೊಯ್ಯುವುದು ಈ ಕಾರಿನಲ್ಲೇ. ಹಳೆ ಗಾಡಿ ಮಾರಿಬಿಡಿ ಎನ್ನುವವರಿಗೆ ಇಷ್ಟು ಮೊದಲೇ ಹೇಳಿಬಿಡುತ್ತೇನೆ.

ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಇಲ್ಲಿನ ನಂಬರ್ ಪಡೆಯಬೇಕು. ಅದಕ್ಕೆ ಮುಂಚೆ ಹಳೆ ರಾಜ್ಯದಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ತರಬೇಕು. ಇದಕ್ಕೆ ನನ್ನ ತಕರಾರಿಲ್ಲ. ಮಹಾರಾಷ್ಟ್ರ ಬಿಡುವ ಮೊದಲೇ ಬಾನೆಟ್ ಎತ್ತಿ, ಚಾಸಿಸ್ ನಂಬರಿನ ಮೇಲೆ ಕೂತಿದ್ದ ವರ್ಷಗಳ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಪೆನ್ಸಿಲ್ ಉಜ್ಜಿ, ಸೆಲ್ಲೋಟೇಪ್ ಒತ್ತಿ ಅಚ್ಚು ತೆಗೆದೆ. ಕೊನೆಯ ಎರಡು ಅಂಕಿ ಸರಿಯಾಗಿ ಮೂಡಲಿಲ್ಲ. ಇನ್ನೊಮ್ಮೆ ಉಜ್ಜಿದೆ. ಆ ಟೇಪನ್ನು ಫಾರಂ 28ಕ್ಕೆ ಅಂಟಿಸಿ ಎನ್‌ಒಸಿ ಪಡೆದೆ. ಇಲ್ಲಿಗೆ ಬಂದು ಆರ್‌ಟಿಒ ಕಚೇರಿಯಲ್ಲಿ ಹೊಸ ನಂಬರಿಗಾಗಿ ಫಾರಂ 27 ಕೊಟ್ಟೆ, ಗಾಡಿ ತೋರಿಸಿದೆ. ಸಿಬ್ಬಂದಿ ಮರ್ಯಾದೆಯಿಂದಲೇ ನಡೆದುಕೊಂಡರು.

ನನ್ನ ಸಂಕಟ ಇರುವುದು ತೆರಿಗೆಯಲ್ಲಿ. ಕಾರು ಕೊಂಡಾಗ ಮಹಾರಾಷ್ಟ್ರಕ್ಕೆ ಒಂದೇ ಗಂಟಿನಲ್ಲಿ ತೆರಿಗೆ ಕಟ್ಟಿದ್ದೇನೆ. ಈಗ ಅದೇ ಕಾರಿಗೆ ಇಲ್ಲಿ ಮತ್ತೆ ಆಜೀವ ತೆರಿಗೆ. ಗಾಡಿಯ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ನಿಜ. ಆದರೂ ಪಿಂಚಣಿಯವನು ಮೊದಲು ಪೂರ್ತಿ ಹಣ ಹೊಂದಿಸಿ ಇಲ್ಲಿ ಕಟ್ಟಬೇಕು. ಹೊಸ ಆರ್‌ಸಿ (ನೋಂದಣಿ ಪತ್ರ) ಕೈಗೆ ಬಂದ ಮೇಲೆ ಅದರ ಪ್ರತಿ ಹಿಡಿದು ಹಳೆ ರಾಜ್ಯದಲ್ಲಿ ಮರುಪಾವತಿಗೆ ಅರ್ಜಿ ಹಾಕಬೇಕು. ರಾತ್ರಿ ಬಸ್ಸಿನಲ್ಲಿ ಎರಡು ಸಲ ಹೋಗಿ ಬಂದೆ. ಮೊದಲ ಸಲ ರದ್ದು ಮಾಡಿದ ಚೆಕ್ ಇಲ್ಲವೆಂದು ವಾಪಸ್ ಕಳಿಸಿದರು. ಎರಡನೆಯ ಸಲ ಅರ್ಜಿ ತೆಗೆದುಕೊಂಡರು. ಏಳು ತಿಂಗಳಾಯಿತು, ಹಣ ಬಂದಿಲ್ಲ. ಆ ಎರಡೂ ರಾತ್ರಿ ತಾಯಿಯ ಜೊತೆಗೆ ಪಕ್ಕದ ಮನೆಯವರು ಬಂದು ಮಲಗಿದ್ದರು. ಹಳೆ ಕಾರಿಗೆ ಬರುವ ಮರುಪಾವತಿಯೇ ಚಿಕ್ಕ ಮೊತ್ತ. ಬಸ್ ಚಾರ್ಜು, ಊಟ, ಜೆರಾಕ್ಸು ಕಳೆದರೆ ಉಳಿಯುವುದೆಷ್ಟು? ಎಷ್ಟೋ ಜನ ಅದರ ಆಸೆಯನ್ನೇ ಬಿಡುತ್ತಾರೆ.

ರಾಜ್ಯ ಬದಲಿಸಿದರೂ ನಂಬರ್ ಬದಲಿಸಬೇಕಿಲ್ಲದ, 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರ್ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಸೇನೆಯವರಿಗೆ, ಸರ್ಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಸಂಸ್ಥೆಗಳ ನೌಕರರಿಗೆ. ನಿವೃತ್ತನಾದ ಫಿಟ್ಟರ್‌ಗೆ ಅದು ಸಿಗುವುದಿಲ್ಲ.

ವಾಹನ ತೆರಿಗೆ ಸಂವಿಧಾನದ ಏಳನೇ ಪರಿಚ್ಛೇದದಲ್ಲಿ ರಾಜ್ಯಪಟ್ಟಿಗೆ ಸೇರಿದ್ದು, ಒಂದು ರಾಜ್ಯದ ಹಣ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ನನ್ನ ಕಾರಿನ ಪೂರ್ತಿ ಜಾತಕ ವಾಹನ ನೋಂದಣಿಯ 'ವಾಹನ್' ತಂತ್ರಾಂಶದಲ್ಲಿದೆ. ಇಲ್ಲಿನ ಅಧಿಕಾರಿ ಅದನ್ನು ಪರದೆಯ ಮೇಲೆ ನನಗೇ ತೋರಿಸಿದರು. ಎನ್‌ಒಸಿ ಕೊಡುವಾಗಲೇ ಉಳಿಕೆ ತೆರಿಗೆ ಲೆಕ್ಕ ಹಾಕಿ, ಅಷ್ಟನ್ನು ಹೊಸ ರಾಜ್ಯದ ತೆರಿಗೆಯಲ್ಲಿ ಕಳೆದು, ರಾಜ್ಯಗಳು ಆಮೇಲೆ ತಮ್ಮತಮ್ಮಲ್ಲಿ ಲೆಕ್ಕ ಚುಕ್ತಾ ಮಾಡಿಕೊಳ್ಳಬಹುದು. ವ್ಯತ್ಯಾಸದ ಹಣ ಕಟ್ಟಲು ನಾವು ತಯಾರಿದ್ದೇವೆ.

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ದುಡಿಯಲು ಮಹಾರಾಷ್ಟ್ರಕ್ಕೆ ಹೋಗಿ ವಯಸ್ಸಾದ ಮೇಲೆ ಊರಿಗೆ ಮರಳುವವರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಉಳಿದ ರಾಜ್ಯಗಳ ಮಾತು ಆಮೇಲಿರಲಿ, ಈ ಎರಡು ರಾಜ್ಯಗಳ ನಡುವೆಯಾದರೂ ಇಂಥ ಒಪ್ಪಂದಕ್ಕೆ ನಮ್ಮ ಸಾರಿಗೆ ಸಚಿವರು ಮಾತುಕತೆ ಶುರುಮಾಡಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಕಾರ್ಮಿಕ, ಧಾರವಾಡ ಜಿಲ್ಲೆ