ರೇಷ್ಮೆಗೆ ಯಾವ ದಾರ?

ಮೈಸೂರು

ಪ್ರೀತಿಯ ಪುಟ್ಟಿ,

ಅಜ್ಜಿಯ ಮೈಸೂರು ರೇಷ್ಮೆ ಸೀರೆಯಲ್ಲಿ ಚೂಡಿದಾರ್ ಟಾಪ್ ಹೊಲಿಯುತ್ತೀಯಂತೆ. ತುಂಬಾ ಸಂತೋಷವಾಯಿತು. ಪೆಟ್ಟಿಗೆಯಲ್ಲಿ ಮಡಿಕೆಗೆ ಸೀಳುವ ಬದಲು ನಿನ್ನ ಮೈಮೇಲಿರಲಿ. ಆದರೆ ಕತ್ತರಿ ಹಾಕುವ ಮೊದಲು ದಾರದ ಬಗ್ಗೆ ಯೋಚಿಸು. ಸುಮ್ನೆ ಬಣ್ಣ ಹೊಂದಿತೆಂದು ತಂದುಬಿಡಬೇಡ.

ನಮ್ಮೂರ ಕಾರ್ಖಾನೆಯಲ್ಲಿ 1912ರಿಂದ ನೇಯುತ್ತಿರುವ ಈ ರೇಷ್ಮೆ ಕ್ರೇಪ್ ಜಾತಿಯದು. ಎಳೆಗೆ ಜಾಸ್ತಿ ಹುರಿ ಕೊಟ್ಟು ನೇಯ್ದಿರುತ್ತಾರೆ. ಅದಕ್ಕೇ ಅಷ್ಟು ಚೆನ್ನಾಗಿ ಇಳಿಬೀಳುತ್ತದೆ. ಹೊಲಿಗೆ ಒಂಚೂರು ಬಿಗಿಯಾದರೂ ಸುಕ್ಕು ಎದ್ದು ಕಾಣುತ್ತದೆ. ಪಾಲಿಯೆಸ್ಟರ್ ದಾರ ಹೊಲಿಯುವಾಗ ಎಳೆದುಕೊಂಡು ಆಮೇಲೆ ಕುಗ್ಗುತ್ತದೆ, ಆಗ ಬಟ್ಟೆಯೂ ಮುದುಡುತ್ತದೆ. ಮೆಷಿನ್ನಿನಲ್ಲಿ ದಾರದ ಟೆನ್ಷನ್ (ಬಿಗಿ) ಸಡಿಲ ಮಾಡಿಕೋ.

ಇನ್ನೊಂದು ಮಾತು. ದಾರ ಬಟ್ಟೆಗಿಂತ ಗಟ್ಟಿಯಾಗಿರಬಾರದು. ಕಂಕುಳ ಹತ್ತಿರ ಎಳೆತ ಬಿದ್ದಾಗ ಎರಡರಲ್ಲಿ ಒಂದು ಹೋಗಲೇಬೇಕು. ದಾರ ಹೋದರೆ ಹತ್ತು ನಿಮಿಷದಲ್ಲಿ ಮತ್ತೆ ಹೊಲಿಯಬಹುದು. ಹಳೇ ರೇಷ್ಮೆ ಹರಿದರೆ ಏನು ಮಾಡುತ್ತೀ? ಹಾಗಾಗಿ ಸಣ್ಣ ದಾರವೇ ಇರಲಿ. ರೀಲಿನ ಮೇಲೆ ಟಿಕೆಟ್ ನಂಬರ್ ಇದ್ದರೆ ನೋಡು. ನಂಬರ್ ದೊಡ್ಡದಾದಷ್ಟೂ ದಾರ ಸಣ್ಣ. 80ಕ್ಕಿಂತ 120 ಸಣ್ಣ. ಹೊಲಿಗೆಗೆಂದೇ ಹುರಿ ಹಾಕಿದ ಅಸಲಿ ರೇಷ್ಮೆ ದಾರ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಸಿಗದಿದ್ದರೆ ಸಣ್ಣ ಪಾಲಿಯೆಸ್ಟರ್ ಸಾಕು. ಆದರೆ ಬಳೆಗೆ, ಕುಚ್ಚಿಗೆ, ಆರಿ ಕೆಲಸಕ್ಕೆ ಸಿಲ್ಕ್ ಥ್ರೆಡ್ ಅಂತ ಕೊಡುತ್ತಾರಲ್ಲ, ಆ ಹೊಳೆಯುವ ದಾರದಲ್ಲಿ ಮಾತ್ರ ಹೊಲಿಯಬೇಡ. ಅದು ಅಲಂಕಾರಕ್ಕೆ ಸರಿ, ಹೊಲಿಗೆಯ ಎಳೆತ ತಡೆಯುವುದಿಲ್ಲ.

ನಿನ್ನ ಮೆಷಿನ್ನಿನಲ್ಲಿ 14ರ ಸೂಜಿ ಇರಬಹುದು. ತೆಗೆದು ಅದಕ್ಕಿಂತ ಸಣ್ಣದಾದ 11ರದು ಹಾಕು, ಹೊಸದೇ ಹಾಕು. ಮೊಂಡು ಸೂಜಿ ರೇಷ್ಮೆಯ ಎಳೆ ಕೀಳುತ್ತದೆ. ಹೊಲಿಗೆ ತೀರಾ ಒತ್ತೊತ್ತಾಗಿಯೂ ಬೇಡ, ತೂತು ಜಾಸ್ತಿಯಾದಷ್ಟೂ ಬಟ್ಟೆ ಸೋಲುತ್ತದೆ. ಬಾಬಿನ್ನಿಗೂ ಅದೇ ದಾರ ಸುತ್ತು.

ಬಣ್ಣ ನೋಡಲು ದೇವರಾಜ ಮಾರುಕಟ್ಟೆ ಕಡೆ ಹೋದಾಗ ಸೀರೆಯನ್ನೇ ಒಯ್ಯಿ. ರೀಲಿನಿಂದ ಒಂದೇ ಎಳೆ ಬಿಚ್ಚಿ ಬಟ್ಟೆಯ ಮೇಲಿಟ್ಟು, ಅಂಗಡಿಯ ಬಾಗಿಲಿಗೆ ಬಂದು ಬಿಸಿಲಲ್ಲಿ ನೋಡು. ಟ್ಯೂಬ್‌ಲೈಟಿನಲ್ಲಿ ಬಣ್ಣ ತಿಳಿಯುವುದಿಲ್ಲ. ಸರಿಯಾಗಿ ಹೊಂದುವುದು ಇಲ್ಲದಿದ್ದರೆ ಒಂದು ಛಾಯೆ ಗಾಢವಾದದ್ದು ತಗೋ. ಉಂಡೆಯಲ್ಲಿ ಕಪ್ಪಗೆ ಕಂಡದ್ದು ಒಂಟಿ ಎಳೆಯಲ್ಲಿ ತಿಳಿಯಾಗಿ ಕಾಣುತ್ತದೆ.

ಅಜ್ಜಿಯ ಡಬ್ಬಿಯಲ್ಲಿರುವ ಹಳೇ ಕಾಟನ್ ರೀಲುಗಳನ್ನು ಒಮ್ಮೆ ಎಳೆದು ನೋಡು. ಪಟ್ಟನೆ ತುಂಡಾದರೆ ಕಚ್ಚಾ ಹೊಲಿಗೆಗೆ ಇಟ್ಟುಕೋ, ಬೇರೆಯದಕ್ಕೆ ಬೇಡ.

ಸೆರಗಿನ ಕಡೆ ಸವೆದ ತುಂಡು ಉಳಿಯುತ್ತದಲ್ಲ, ಅದರ ಮೇಲೆ ಮೊದಲು ಒಂದು ಗೇಣು ಹೊಲಿ. ಎರಡು ಕಡೆ ಹಿಡಿದು ಮೆಲ್ಲಗೆ ಜಗ್ಗು. ಸೂಜಿಯ ತೂತು ಅಗಲವಾದರೆ ನನಗೆ ಫೋನ್ ಮಾಡು, ಟಾಪ್ ಕತ್ತರಿಸಬೇಡ.

ಇಂತಿ ನಿನ್ನ
ದೊಡ್ಡಮ್ಮ