ನಮ್ಮ ಕೇರಿಯ ಮೂರು ತೊಟ್ಟಿಲು ಯಾವ ಲೆಕ್ಕಕ್ಕೆ?

ಮಾನ್ಯ ಸಂಪಾದಕರೇ,

ಹೊಸನಗರ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಇಡೀ ವರ್ಷ ಒಂದೂ ಜನನ ದಾಖಲಾಗಿಲ್ಲ, ಮಲೆನಾಡು ಮುದುಕರ ನಾಡಾಗುತ್ತಿದೆ ಎಂದು ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಸುದ್ದಿ ಬಂದಿತ್ತು. ಓದಿ ಬೇಸರವಾದರೂ ಸುಮ್ಮನಿದ್ದೆ. ಆದರೆ ನಮ್ಮ ಅಂಗನವಾಡಿಯನ್ನು ಪಕ್ಕದ ಊರಿನದಕ್ಕೆ ಸೇರಿಸುವ ಮಾತು ಬಂದ ಸಭೆಯಲ್ಲಿ ಇದೇ ಸುದ್ದಿಯನ್ನು ಒಬ್ಬರು ಗಟ್ಟಿಯಾಗಿ ಓದಿ ಹೇಳಿದರಂತೆ. ಅದು ಕಿವಿಗೆ ಬಿದ್ದ ಮೇಲೆ ಬರೆಯದೆ ಇರಲಾಗಲಿಲ್ಲ.

ಅದೇ ವರ್ಷ ನಮ್ಮ ಕೇರಿಯೊಂದರಲ್ಲೇ ಮೂರು ತೊಟ್ಟಿಲು ತೂಗಿವೆ. ಒಂದು ನಾಮಕರಣದ ಹೋಳಿಗೆಯನ್ನು ನಾನೇ ಉಂಡು ಬಂದಿದ್ದೇನೆ. ಆದರೆ ಮೂರೂ ಹೆರಿಗೆ ಆದದ್ದು ಶಿವಮೊಗ್ಗದ ಆಸ್ಪತ್ರೆಗಳಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ 21 ದಿನದೊಳಗೆ ನೋಂದಣಿಯಾಗಬೇಕು. ಹೀಗಾಗಿ ಮೂರು ಮಕ್ಕಳೂ ಶಿವಮೊಗ್ಗದ ಲೆಕ್ಕಕ್ಕೆ ಹೋದರು, ನಮ್ಮ ಪಂಚಾಯಿತಿಯ ಪುಟ ಖಾಲಿ ಉಳಿಯಿತು. ಸೂಲಗಿತ್ತಿಯರು ಮನೆಗೇ ಬಂದು ಹೆರಿಗೆ ಮಾಡಿಸುತ್ತಿದ್ದ ಕಾಲದಲ್ಲಿ ಆ ಪುಟ ತುಂಬಿರುತ್ತಿತ್ತು. ಆಗಲೂ ಚೊಚ್ಚಲ ಹೆರಿಗೆಗೆ ತವರಿಗೆ ಹೋದವರ ಮಕ್ಕಳು ತವರೂರಿನ ಪುಟದಲ್ಲೇ ಇರುತ್ತಿದ್ದರು. ನೀವು ಮುದಿತನದ ಗುರುತೆಂದು ಬರೆದ ಆ ಸೊನ್ನೆ, ನನ್ನ ಕಣ್ಣಿಗೆ, ನಮ್ಮ ಹೆಣ್ಣುಮಕ್ಕಳು ಹೊಳೆ ದಾಟಿ, ಗುಡ್ಡ ಇಳಿದು ವೇಳೆಗೆ ಸರಿಯಾಗಿ ಆಸ್ಪತ್ರೆ ಸೇರುತ್ತಿರುವುದರ ಗುರುತು. ಜನನ ವರದಿಯ ನಮೂನೆಯಲ್ಲಿ ತಾಯಿಯ ವಾಸದ ಊರನ್ನು ಬರೆಯುವ ಜಾಗವೂ ಇದೆ. ಆ ಊರಿನ ಪ್ರಕಾರ ವಿಂಗಡಿಸಿದ್ದರೆ ಸುದ್ದಿಯ ತಲೆಬರಹವೇ ಬೇರೆಯಾಗುತ್ತಿತ್ತು.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. 1991, 2001, 2011ರ ಮೂರೂ ಜನಗಣತಿಗಳಲ್ಲಿ ಗಣತಿದಾರಳಾಗಿ ಮನೆಮನೆ ತಿರುಗಿದ್ದೇನೆ. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಒಂದು ತೋಟ, ಒಂದು ಸಂಕ (ಹಳ್ಳಕ್ಕೆ ಹಾಕಿದ ಕಾಲುಸೇತುವೆ), ಒಂದು ಹಕ್ಕಲು (ಕುರುಚಲು ಕಾಡಿನ ಬಯಲು) ದಾಟಬೇಕು. ಬ್ಲಾಕಿನ, ಅಂದರೆ ಒಬ್ಬ ಗಣತಿದಾರರಿಗೆ ವಹಿಸಿದ ಮನೆಗಳ ಗುಂಪಿನ, ನಕ್ಷೆಯನ್ನು ಕೈಯಿಂದಲೇ ಬರೆದು, ಸಂಕ ಎಲ್ಲಿ, ಬೇಲಿ ದಾಟುವ ಉಣುಗೋಲು ಎಲ್ಲಿ ಎಂದು ಗುರುತು ಹಾಕಿಕೊಂಡು ಹೋಗುತ್ತಿದ್ದೆವು. ಹಾಗೆ ಹೋಗಿ ತುಂಬಿಸಿದ ಹಾಳೆಗಳೇ ಮುಂದೆ ಶೇಕಡಾವಾರುಗಳಾಗುತ್ತವೆ. ಜಗುಲಿಯ ಮೇಲೆ ಕೂತು ಯಾರನ್ನು ಏನು ಕೇಳಿದೆವು, ಅವರು ಏನು ಹೇಳಿದರು ಎಂಬುದನ್ನು ಬಿಟ್ಟು ಅದರೊಳಗೆ ಬೇರೇನೂ ಇರುವುದಿಲ್ಲ.

2011ರ ಫೆಬ್ರುವರಿ 9ರಿಂದ 28ರವರೆಗೆ ಗಣತಿ ನಡೆಯಿತು. ಅಡಿಕೆ ಸುಲಿತ ಮುಗಿಯುತ್ತಾ ಬಂದ ಹೊತ್ತು. ಒಂದು ಮನೆಯಲ್ಲಿ ಯಜಮಾನರು ಕೂತು ಎಲ್ಲರ ಪರವಾಗಿ ತಾವೇ ಉತ್ತರ ಹೇಳುತ್ತಿದ್ದರು. ಹೆಂಡತಿಯ ಕೆಲಸದ ಕಾಲಂ ಬಂದಾಗ “ಅವಳಿಗೆ ಕೆಲ್ಸ ಎಂತದೂ ಇಲ್ಲ ಟೀಚ್ರೆ, ಮನೇಲೇ ಇರೋದು” ಅಂದರು. ನಾನೂ ಹಾಗೇ ಬರೆದುಕೊಂಡೆ. ಅಷ್ಟರಲ್ಲಿ ಆಕೆ ಕೊಟ್ಟಿಗೆಯಿಂದ ಹಾಲಿನ ಚೊಂಬು ಹಿಡಿದು ಬಂದು, ನನಗೆ ಬೆಲ್ಲ ನೀರು ಕೊಟ್ಟರು. ಬೆರಳುಗಳೆಲ್ಲ ಅಡಿಕೆ ಚೊಗರಿನಿಂದ ಕಪ್ಪಾಗಿದ್ದವು. ರಾತ್ರಿ ಹಾಳೆಗಳನ್ನು ತಿದ್ದುತ್ತಾ ಕೂತಾಗ ಆ ಬೆರಳುಗಳು ಕಣ್ಣ ಮುಂದೆ ಬಂದು ಕೈಪಿಡಿಯನ್ನು ಮತ್ತೊಮ್ಮೆ ತೆರೆದೆ. ಸ್ವಂತ ಜಮೀನಿನಲ್ಲಿ ಕೂಲಿಯಿಲ್ಲದೆ ದುಡಿದರೂ ಕೆಲಸವೇ, ಮನೆಬಳಕೆಗೆಂದೇ ಹೈನು ಮಾಡಿದರೂ ಕೆಲಸವೇ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿ ಕೆಲಸಗಾರರು.

ಮಾರ್ಚ್ 1ರಿಂದ 5ರವರೆಗೆ ಮರುಭೇಟಿಯ ಸುತ್ತು ಇತ್ತು. ಆಗ ಹೋಗಿ ಆಕೆಯನ್ನೇ ಕೇಳಿದೆ. ಕೆಲಸ ಮಾಡ್ತೀರಾ ಎಂದು ಕೇಳಲಿಲ್ಲ. ಸುಲಿತಕ್ಕೆ ಯಾರ್‍ಯಾರ ಮನೆಗೆ ಹೋಗ್ತೀರಿ, ಎಷ್ಟು ತಿಂಗಳು, ಹಸು ಎಷ್ಟಿವೆ, ಕರೆಯೋದು ಯಾರು ಎಂದು ಕೇಳಿದೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಸುಲಿತ, ವರ್ಷವಿಡೀ ಎರಡು ಹೊತ್ತು ಕೊಟ್ಟಿಗೆ, ಮಳೆಗಾಲದಲ್ಲಿ ಗದ್ದೆ ನಾಟಿ. ಯಾವ ಕೆಲಸವೂ ಇಲ್ಲದ ಹೆಂಗಸು ಒಂದೇ ಪ್ರಶ್ನೆ ಬದಲಾದದ್ದಕ್ಕೆ ಮುಖ್ಯ ಕೆಲಸಗಾರಳಾದರು. ಆ ಮನೆಯೊಂದನ್ನು ನಾನು ತಿದ್ದಿದೆ. ಅದಕ್ಕೆ ಮುಂಚಿನ ಎರಡು ಗಣತಿಗಳಲ್ಲಿ ಎಷ್ಟು ಮನೆಗಳಲ್ಲಿ ಯಜಮಾನರ ಮಾತನ್ನೇ ಬರೆದುಕೊಂಡು ಬಂದಿದ್ದೇನೋ, ಆ ನೋವು ನನಗೆ ಈಗಲೂ ಇದೆ. ಆದ್ದರಿಂದ ‘ದುಡಿಯುವ ಮಹಿಳೆಯರು ಶೇಕಡಾ ಇಷ್ಟು’ ಎಂಬ ಸಾಲನ್ನು ಎಲ್ಲಿ ಕಂಡರೂ ಉತ್ತರ ಹೇಳಿದವರು ಯಾರು ಎಂದೇ ನಾನು ಮೊದಲು ಯೋಚಿಸುವುದು.

ವಯಸ್ಸಿನ ಕಾಲಂ ಕೂಡ ಹಾಗೆಯೇ. ಒಬ್ಬ ಅಜ್ಜಿಗೆ ವಯಸ್ಸು ಗೊತ್ತಿರಲಿಲ್ಲ. “ಮುಳುಗಡೆ ಆದಾಗ ದೊಡ್ಡ ಮಗ ಕಂಕುಳಲ್ಲಿದ್ದ” ಎಂದರು. ಊರುಗಳನ್ನು ಮುಳುಗಿಸಿದ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಹದಿನೆಂಟು ಇದ್ದಿರಬಹುದು ಎಂದು ಎಣಿಸಿ 65 ಎಂದು ಬರೆದೆ. ಗಣತಿಯ ಹಾಳೆಗಳಲ್ಲಿ ಸೊನ್ನೆಗೂ ಐದಕ್ಕೂ ಮುಗಿಯುವ ವಯಸ್ಸುಗಳೇ ಯಾಕೆ ಅಷ್ಟು ಹೆಚ್ಚು ಎಂದು ಕೇಳಿದರೆ ಇದೇ ಕಾರಣ. ಸಾಕ್ಷರತೆಗೆ ಏಳು ವರ್ಷ ತುಂಬಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ, ಯಾವುದಾದರೂ ಒಂದು ಭಾಷೆಯನ್ನು ಅರ್ಥ ತಿಳಿದು ಓದಲೂ ಬರೆಯಲೂ ಬರಬೇಕು. ದಿನಾ ದೇವರ ಮುಂದೆ ಪುಸ್ತಕ ಓದುತ್ತಿದ್ದ ಇನ್ನೊಬ್ಬ ಅಜ್ಜಿಗೆ ಬರೆಯಲು ಬಾರದ್ದರಿಂದ ಅನಕ್ಷರಸ್ಥೆ ಎಂದು ಗುರುತು ಹಾಕಬೇಕಾಯಿತು.

ಊರಲ್ಲಿ ಎಷ್ಟು ಜನ ಎಂಬ ಸರಳ ಪ್ರಶ್ನೆಗೇ ನಮ್ಮಲ್ಲಿ ಮೂರು ಉತ್ತರಗಳಿವೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ಹೆಸರು ಮನೆಯ ರೇಷನ್ ಕಾರ್ಡಿನಲ್ಲಿ ಇರುತ್ತದೆ. ಚುನಾವಣೆಗೆ ಊರಿಗೇ ಬರುವುದರಿಂದ ಮತದಾರರ ಪಟ್ಟಿಯಲ್ಲೂ ಇರುತ್ತದೆ. ಆದರೆ ಗಣತಿಯ ಅಷ್ಟೂ ದಿನ ಅವನು ಊರಲ್ಲಿ ಇಲ್ಲದಿದ್ದರೆ ಅವನನ್ನು ಎಣಿಸುವುದು ಬೆಂಗಳೂರಿನಲ್ಲಿ. ಹಾಸ್ಟೆಲಿನ ಹುಡುಗಿಯನ್ನು ಎಣಿಸುವುದು ಹಾಸ್ಟೆಲಿನಲ್ಲಿ. ಮೂರೂ ಪಟ್ಟಿಗಳು ಬೇರೆಬೇರೆ ಕೆಲಸಕ್ಕೆ ಹುಟ್ಟಿದವು. ಒಂದರ ಸಂಖ್ಯೆಯನ್ನು ಇನ್ನೊಂದರ ಪಕ್ಕ ಇಟ್ಟು ‘ಜನ ಕಡಿಮೆಯಾದರು’ ಎಂದು ಬರೆದರೆ ತಪ್ಪಾಗುತ್ತದೆ.

ಚಿಕ್ಕ ಊರಿನ ಶೇಕಡಾವಾರು ಕೂಡ ಎಚ್ಚರದಿಂದ ಓದಬೇಕಾದದ್ದು. ನನ್ನ ಶಾಲೆಯಲ್ಲಿ ಒಂದು ವರ್ಷ 11 ಮಕ್ಕಳಿದ್ದರು. ತೋಟದ ಕೆಲಸಕ್ಕೆಂದು ಬಂದಿದ್ದ ಒಂದು ಕುಟುಂಬ ಊರಿಗೆ ಮರಳಿತು, ಅಣ್ಣತಂಗಿ ಇಬ್ಬರೂ ಹೋದರು. ಮೇಲಿನ ಕಚೇರಿಯ ಕಾಗದದಲ್ಲಿ ಅದು ‘ಶಾಲೆ ಬಿಟ್ಟವರು ಶೇ 18’ ಎಂದಾಯಿತು, ನನ್ನಿಂದ ವಿವರಣೆ ಕೇಳಿದರು. ಆ ಇಬ್ಬರೂ ತಮ್ಮೂರಿನ ಶಾಲೆಯಲ್ಲಿ ಸೇರಿದ್ದಕ್ಕೆ ಕಾಗದ ತರಿಸಿಕೊಟ್ಟೆ.

ಜಿಲ್ಲೆಯ ಸರಾಸರಿ ಹೇಗಿರುತ್ತದೆ ಎಂಬುದು ನಮ್ಮವರಿಗೆ ಮಳೆಯಿಂದಲೇ ಗೊತ್ತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ, ಶಿಕಾರಿಪುರದ ಕಡೆ ಅದರ ಕಾಲುಭಾಗವೂ ಬೀಳುವುದಿಲ್ಲ. ಎರಡನ್ನೂ ಕೂಡಿಸಿ ಭಾಗಿಸಿದ ಮಳೆ ಯಾರ ಗದ್ದೆಗೂ ಬಿದ್ದಿರುವುದಿಲ್ಲ. ಆರೋಗ್ಯದ ಅಂಕಿಗಳು ಹೆಚ್ಚಾಗಿ ಮಾದರಿ ಸಮೀಕ್ಷೆಯಿಂದ, ಅಂದರೆ ಆಯ್ದ ಕೆಲವು ಮನೆಗಳನ್ನಷ್ಟೇ ಕೇಳಿ ಬಂದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 707 ಜಿಲ್ಲೆಗಳಲ್ಲಿ 6,36,699 ಮನೆಗಳನ್ನು ಮುಟ್ಟಿತು, ಅಂದರೆ ಜಿಲ್ಲೆಗೆ ಸರಾಸರಿ ಒಂಬೈನೂರು ಮನೆ. ಇಡೀ ಜಿಲ್ಲೆಯ ಸ್ಥಿತಿ ಅಂದಾಜು ಮಾಡಲು ಅದು ಒಳ್ಳೆಯ ದಾರಿ. ಅದರಿಂದ ನಮ್ಮ ಪಂಚಾಯಿತಿಯ ಬಗ್ಗೆ ಒಂದು ಮಾತೂ ಹೇಳಲು ಬರುವುದಿಲ್ಲ.

ಇನ್ನೊಂದು ಸಂಗತಿ. ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 17,52,753 ಎಂದು ನೀವು ಈಗಲೂ ಅಚ್ಚು ಹಾಕುತ್ತೀರಿ. ಅದು 2011ರ ಮಾರ್ಚ್ 1ರ ನಡುರಾತ್ರಿಯ ಸಂಖ್ಯೆ. 2021ರ ಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು. 2011ರಲ್ಲಿ ತೊಟ್ಟಿಲಲ್ಲಿದ್ದವರು ಹೈಸ್ಕೂಲು ಮೆಟ್ಟಿಲು ಹತ್ತಿಯಾಯಿತು. ಈಚಿನ ರೋಗಿಗಳನ್ನೋ ವಾಹನಗಳನ್ನೋ ಅಂದಿನ ಜನರಿಂದ ಭಾಗಿಸಿ ದರ ಹೇಳುವಾಗ ಇಸವಿಯನ್ನಾದರೂ ಪಕ್ಕದಲ್ಲಿ ಬರೆಯಿರಿ.

2027ರ ಮಾರ್ಚ್ 1ಕ್ಕೆ ಮುಂದಿನ ಲೆಕ್ಕ ಎಂದು ಸರ್ಕಾರ ಪ್ರಕಟಿಸಿದೆ, ಮೊಬೈಲಿನಲ್ಲೇ ತುಂಬುವ ವ್ಯವಸ್ಥೆ ಇರುತ್ತದೆ. ಗಣತಿದಾರರಿಗೆ ಹೇಳಿದ್ದು ಇನ್ನೊಬ್ಬರ ಕೈಗೆ ಹೋಗದಂತೆ 1948ರ ಜನಗಣತಿ ಕಾಯ್ದೆಯ ರಕ್ಷಣೆ ಇದೆ. ಭೂಮಿ ಹೋದೀತು, ಕಾರ್ಡು ರದ್ದಾದೀತು ಎಂದು ಹೆದರಿ ಯಾರೂ ತಪ್ಪು ಹೇಳುವುದು ಬೇಡ. ಮನೆಯ ಹೆಂಗಸರು ಒಳಗೆ ಚಹಾ ಕಾಯಿಸುತ್ತಾ ಇದ್ದುಬಿಡದೆ ಜಗುಲಿಗೆ ಬಂದು ತಮ್ಮ ಕೆಲಸವನ್ನು ತಾವೇ ಹೇಳಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಊರಿನ ಬಗ್ಗೆ ಅಂಕಿ ಅಚ್ಚು ಹಾಕುವಾಗ ಎಣಿಸಿದವರು ಯಾರು, ಯಾವ ವರ್ಷ, ಎಷ್ಟು ಜನರಲ್ಲಿ ಎಂದು ಕೆಳಗೆ ಒಂದು ಸಾಲು ಸೇರಿಸಿ. ಅಂಗನವಾಡಿಯ ವಿಷಯಕ್ಕೆ ಮುಂದಿನ ತಿಂಗಳು ಮತ್ತೆ ಸಭೆ ಇದೆ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿರುವ ಬಾಣಂತಿಯರ ಪಟ್ಟಿ ಹಿಡಿದು ನಾನೂ ಹೋಗುತ್ತಿದ್ದೇನೆ. ಅದಕ್ಕೂ ಮುಂಚೆ ಈ ಪತ್ರ ಪ್ರಕಟವಾದರೆ ಉಪಕಾರವಾಗುತ್ತದೆ.

— ನಿವೃತ್ತ ಶಿಕ್ಷಕಿ, ಹೊಸನಗರ ತಾಲ್ಲೂಕು