ತಾಲ್ಲೂಕು ಗ್ರಂಥಾಲಯಕ್ಕೂ ಹೊಸ ಪಠ್ಯಪುಸ್ತಕ ಬರಲಿ

ವಿಜ್ಞಾನ, ಗಣಿತ, ನರ್ಸಿಂಗ್ ಓದುತ್ತಿರುವ ಕೊಡಗಿನ ಅನೇಕ ವಿದ್ಯಾರ್ಥಿಗಳಿಗೆ ಹೊಸ ಪಠ್ಯಪುಸ್ತಕಗಳು ಸಕಾಲಕ್ಕೆ ಸಿಗುತ್ತಿಲ್ಲ. 2024–25ನೇ ಸಾಲಿನಿಂದ ರಾಜ್ಯ ಸರ್ಕಾರ ನಾಲ್ಕು ವರ್ಷಗಳ ಪದವಿಯನ್ನು ಕೈಬಿಟ್ಟು ಮೂರು ವರ್ಷಗಳ ಪದವಿಗೆ ಮರಳಿತು, ಪಠ್ಯಕ್ರಮವೂ ಬದಲಾಯಿತು. ಆದರೆ ನನ್ನ ಮಗಳ ಕಾಲೇಜಿನ ಗ್ರಂಥಾಲಯದಲ್ಲಿರುವುದು ಹಳೆಯ ಆವೃತ್ತಿಗಳೇ. ಹೊಸ ಪುಸ್ತಕಕ್ಕಾಗಿ ಮೈಸೂರಿಗೋ ಮಂಗಳೂರಿಗೋ ಹೋಗಬೇಕು. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ಅದೂ ಇಲ್ಲ.

ಗಣಿತಕ್ಕೆ ಹಳೆಯ ಪುಸ್ತಕ ಹೇಗೋ ಸಾಕಾದೀತು, ಆರೋಗ್ಯ ವಿಷಯಗಳಿಗೆ ಖಂಡಿತ ಸಾಲದು. ಕ್ಷಯ ರೋಗಿಗಳಿಗೆ ಸರ್ಕಾರಿ ಕಾರ್ಯಕ್ರಮದಲ್ಲಿ ವಾರಕ್ಕೆ ಮೂರು ದಿನ ಕೊಡುತ್ತಿದ್ದ ಔಷಧವನ್ನು 2017ರಿಂದ ದೇಶದಾದ್ಯಂತ ಪ್ರತಿದಿನ ಕೊಡುವ ಪದ್ಧತಿ ಬಂದಿದೆ. ಅದಕ್ಕಿಂತ ಹಿಂದಿನ ಪುಸ್ತಕವನ್ನೇ ನೆಚ್ಚಿಕೊಂಡು ಕಲಿತವರು ನಾಳೆ ನಮ್ಮ ಆಸ್ಪತ್ರೆಗಳಲ್ಲಿ ಔಷಧ ಕೊಡುವವರು ಎಂಬುದನ್ನು ಮರೆಯುವಂತಿಲ್ಲ.

ಆಸ್ತಿ ತೆರಿಗೆಯೊಂದಿಗೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಆ ಹಣದಲ್ಲಿ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆಯ ಸಾರ್ವಜನಿಕ ಗ್ರಂಥಾಲಯಗಳಿಗೆ ಪ್ರತಿ ಹೊಸ ಪಠ್ಯದ ಕೆಲವು ಪ್ರತಿಗಳನ್ನಾದರೂ ತರಗತಿಗಳು ಆರಂಭವಾಗುವ ಮೊದಲೇ ಖರೀದಿಸಬೇಕು. ಯಾವ ಆವೃತ್ತಿ ಬೇಕೆಂಬ ಪಟ್ಟಿಯನ್ನು ಆಯಾ ಕಾಲೇಜಿನ ಅಧ್ಯಾಪಕರಿಂದಲೇ ಪಡೆಯಲಿ.

– ಓರ್ವ ಪೋಷಕ, ಸೋಮವಾರಪೇಟೆ